ಆರದ ತಂತಿ

ಮಾದರಿ ವಿಮಾನದ ಪುಟ್ಟ ಎಂಜಿನ್ ಹತ್ತಾರು ವರ್ಷ ಡಬ್ಬಿಯಲ್ಲಿ ಬಿದ್ದಿದ್ದು ಕೈಗೆ ಬಂದರೆ, ಅದು ಸಾಮಾನ್ಯವಾಗಿ ತಿರುಗುವುದಿಲ್ಲ. ಫ್ಯಾನು ಹಿಡಿದು ಒತ್ತಿದರೂ ಮಿಸುಕುವುದಿಲ್ಲ. ಪಿಸ್ಟನ್ ಸುಟ್ಟು ಹಿಡಿದುಕೊಂಡಿದೆ ಎಂದು ಎಸೆಯುವವರೇ ಹೆಚ್ಚು. ಆದರೆ ಬಹಳ ಸಲ ಒಳಗೆ ಏನೂ ಕೆಟ್ಟಿರುವುದಿಲ್ಲ, ಅಂಟಿಕೊಂಡಿರುತ್ತದೆ ಅಷ್ಟೆ. ಅಂಟು ಯಾವುದು ಅಂದರೆ ನಮ್ಮ ವಿಜಯಪುರ ಸೀಮೆಯವರಿಗೆಲ್ಲ ಗೊತ್ತಿರುವ ಔಡಲೆಣ್ಣೆಯದು. ಈ ಎಂಜಿನುಗಳ ಮೆಥನಾಲ್ ಇಂಧನದಲ್ಲಿ ಜಾರುವಿಕೆಗೆಂದು ಸುಮಾರು ಐದನೇ ಒಂದು ಪಾಲು ಎಣ್ಣೆ ಬೆರೆಸುತ್ತಾರೆ. ಮೆಥನಾಲಿನಲ್ಲಿ ಚೆನ್ನಾಗಿ ಕರಗುವ, ಕಾದ ಲೋಹವನ್ನೂ ಬಿಟ್ಟುಕೊಡದ ಎಣ್ಣೆ ಎಂದರೆ ಹಿಂದಿನಿಂದಲೂ ಔಡಲದ್ದೇ. ಅದರ ಗುಣವೇ ಅದರ ದೋಷವೂ ಹೌದು. ಕಾದು ಕಾದು, ಗಾಳಿಯಾಡಿ, ವರ್ಷ ಕಳೆದಂತೆ ಅದು ಕಂದು ವಾರ್ನಿಷ್ ಆಗಿ ಗಟ್ಟಿಯಾಗುತ್ತದೆ.

ಹಾಗಾಗಿ ರಿಪೇರಿಯ ಮೊದಲ ನಿಯಮ, ಬಲ ಹಾಕಬಾರದು. ಇಕ್ಕಳದಿಂದ ಶಾಫ್ಟ್ ಹಿಡಿದು ತಿರುವಿದರೆ ಅಲ್ಯುಮಿನಿಯಮ್ಮಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ನಿಜವಾದ ರಿಪೇರಿ ಶುರುವಾಗುತ್ತದೆ. ಬೇಕಾದದ್ದು ಬಿಸಿ ಮತ್ತು ತಾಳ್ಮೆ. ಹೀಟ್ ಗನ್ನಿನಿಂದ ಸಿಲಿಂಡರನ್ನು ಬಿಸಿ ಮಾಡಿದರೆ ವಾರ್ನಿಷ್ ಮೆತ್ತಗಾಗಿ ಶಾಫ್ಟ್ ಒಂದೆಳೆ ಅಲುಗುತ್ತದೆ. ಮತ್ತೆ ಬಿಸಿ, ಮತ್ತೊಂದೆಳೆ. ಹಿಂದಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ರೇಡಿಯೇಟರಿಗೆ ಹಾಕುವ ಕೂಲೆಂಟ್ ದ್ರಾವಣದಲ್ಲಿ ಇಡೀ ಎಂಜಿನ್ನನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವವರೂ ಇದ್ದಾರೆ. ಅದು ಅಡುಗೆ ಪಾತ್ರೆಯಲ್ಲಿ ಮಾಡುವ ಕೆಲಸವಲ್ಲ, ಕೂಲೆಂಟ್ ವಿಷ.

ಬಿದ್ದ ವಿಮಾನದ ಎಂಜಿನ್ ಆದರೆ ಕತೆ ಬೇರೆ. ಆಲಮಟ್ಟಿ, ನಿಡಗುಂದಿ, ಬಾಗೇವಾಡಿ ಸುತ್ತಿನ ಎರೆಹೊಲದಲ್ಲಿ ಮೂಗು ಕೆಳಗೆ ಮಾಡಿ ಬಿದ್ದ ವಿಮಾನದ ಕಾರ್ಬುರೇಟರಿನ ಬಾಯಿ ತುಂಬ ಕರಿಮಣ್ಣು. ಬಿದ್ದೊಡನೆ ಎಲ್ಲರೂ ಮಾಡುವ ಕೆಲಸ ಫ್ಯಾನನ್ನು ಒಂದು ಸುತ್ತು ತಿರುವಿ ನೋಡುವುದು. ಅದೊಂದನ್ನು ಮಾಡಬಾರದು. ಮಣ್ಣಿನಲ್ಲಿರುವ ಹರಳು ಒಳಗೆ ಹೋಗಿ, ಸಿಲಿಂಡರಿನ ಕ್ರೋಮ್ ಮೈಮೇಲೆ ಗೆರೆ ಎಳೆದರೆ ಒತ್ತಡ ಸೋರುತ್ತದೆ. ಈ ಬಗೆಯ ಅನೇಕ ಎಂಜಿನುಗಳಲ್ಲಿ ಪಿಸ್ಟನ್ನಿಗೆ ರಿಂಗೇ ಇರುವುದಿಲ್ಲ. ಅಲ್ಯುಮಿನಿಯಮ್ ಪಿಸ್ಟನ್, ಕ್ರೋಮ್ ಹಾಕಿದ ಹಿತ್ತಾಳೆ ತೋಳು, ಎರಡರ ನಡುವಿನ ಅಳತೆಯೇ ಎಲ್ಲ. ತಣ್ಣಗಿರುವಾಗ ಪಿಸ್ಟನ್ ಮೇಲಿನ ತುದಿಯಲ್ಲಿ ಕಚ್ಚಿ ಹಿಡಿಯುತ್ತದೆ. ಗೊತ್ತಿಲ್ಲದವರು ಅದನ್ನೂ ರೋಗವೆಂದು ತಿಳಿದು ಮರಳುಕಾಗದದಿಂದ ಉಜ್ಜಿಬಿಡುತ್ತಾರೆ. ಅಲ್ಲಿಗೆ ಎಂಜಿನ್ನಿನ ಆಯುಷ್ಯ ಮುಗಿಯಿತು.

ಕೃಷ್ಣೆಯ ನೀರೆತ್ತುವ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೇಸ್ತ್ರಿಗಳು ಈ ಭಾಗದಲ್ಲಿ ಬಹಳ. ಅಂಥವರೊಬ್ಬರ ಮುಂದೆ ಆರೂವರೆ ಸಿಸಿಯ ಇಂಥದೊಂದು ಎಂಜಿನ್ ಇಟ್ಟರೆ, ಬಿಚ್ಚುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ. “ಇದಕ ಕಿಡಿ ಎಲ್ಲಿಂದ ಬರ್ತೈತ್ರಿ?” ನ್ಯಾಯವಾದ ಪ್ರಶ್ನೆ. ಪೆಟ್ರೋಲ್ ಎಂಜಿನ್ ಎನ್ನೋಣವೆಂದರೆ ಮ್ಯಾಗ್ನೆಟೋ ಇಲ್ಲ, ಕಾಯಿಲ್ ಇಲ್ಲ, ಪಾಯಿಂಟ್ ಇಲ್ಲ. ಡೀಸೆಲ್ ಎನ್ನೋಣವೆಂದರೆ ಇಂಜೆಕ್ಟರ್ ಇಲ್ಲ. ತಲೆಯ ಮೇಲೆ ಬೆರಳ ತುದಿಯಷ್ಟು ಪ್ಲಗ್ಗೊಂದಿದೆ. ಅದಕ್ಕೆ ಒಂದೂವರೆ ವೋಲ್ಟಿನ ಸೆಲ್ ಹಚ್ಚಿ ಫ್ಯಾನು ತಟ್ಟಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಆಮೇಲೆ ಸೆಲ್ಲನ್ನು ಕಿತ್ತು ಪಕ್ಕಕ್ಕಿಟ್ಟರೂ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುತ್ತಲೇ ಇರುತ್ತದೆ. ಎಂದರೆ ಸೆಕೆಂಡಿಗೆ 200 ಸಲ ಹೊತ್ತಿಕೊಳ್ಳುತ್ತಿದೆ, ಒಂದು ಹನಿ ವಿದ್ಯುತ್ತಿಲ್ಲದೆ.

ಉತ್ತರಕ್ಕೆ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗೆ ಹೋಗಬೇಕು. 1812ರ ಮೇ 25ರಂದು ಫೆಲಿಂಗ್ ಎಂಬಲ್ಲಿನ ಗಣಿಯಲ್ಲಿ ಅನಿಲ ಸಿಡಿದು 92 ಜನ ಸತ್ತರು. ಅವರಲ್ಲಿ ಹುಡುಗರೂ ಬಹಳ ಮಂದಿ. ಕತ್ತಲಲ್ಲಿ ದೀಪ ಬೇಕು, ದೀಪವೇ ಗಣಿಯ ಅನಿಲಕ್ಕೆ ಕಿಚ್ಚು. ಈ ಸಂಕಟ ಲಂಡನ್ನಿನ ಹಂಫ್ರಿ ಡೇವಿಯ ಬಳಿಗೆ ಬಂತು. ಆತ ಆಗಲೇ ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿ ಹೆಸರಾಗಿದ್ದ ರಸಾಯನವಿಜ್ಞಾನಿ. 1815ರ ಕೊನೆಗೆ ಅವನ ಸುರಕ್ಷಾ ದೀಪ ಸಿದ್ಧವಾಯಿತು. ಜ್ವಾಲೆಯ ಸುತ್ತ ತಂತಿಬಲೆ ಸುತ್ತಿದರೆ ಬಲೆ ಶಾಖವನ್ನು ಹೀರಿಕೊಳ್ಳುವುದರಿಂದ ಹೊರಗಿನ ಅನಿಲ ಹೊತ್ತಿಕೊಳ್ಳದು. ಶಾಲೆಯ ಪುಸ್ತಕಗಳು ಡೇವಿಯನ್ನು ಇಲ್ಲಿಗೇ ಬಿಟ್ಟುಬಿಡುತ್ತವೆ. ನನ್ನ ಮಟ್ಟಿಗೆ ಅವನ ಹೆಚ್ಚು ಸೊಗಸಾದ ಶೋಧ ಇದಾದ ಮೇಲಿನದು.

ದೀಪ ಮಾಡಿದ ಮೇಲೂ ಡೇವಿ ಉರಿಯುವಿಕೆಯ ಬೆನ್ನು ಬಿಡಲಿಲ್ಲ. ಅನಿಲ ಮತ್ತು ಗಾಳಿ ಜ್ವಾಲೆಯಿಲ್ಲದೆ, ಜ್ವಾಲೆಗಿಂತ ಕಡಿಮೆ ಬಿಸಿಯಲ್ಲಿ ಸದ್ದಿಲ್ಲದೆ ಸೇರಬಹುದೇ ಎಂಬುದು ಅವನ ತಲೆಯಲ್ಲಿದ್ದ ಪ್ರಶ್ನೆ. ಕಲ್ಲಿದ್ದಲ ಅನಿಲವನ್ನು ಬೇಕೆಂದೇ ಹೆಚ್ಚು ಬೆರೆಸಿ, ಬೆಂಕಿ ತಾಕಿಸಿದರೂ ಹೊತ್ತದಂಥ ಮಿಶ್ರಣ ಮಾಡಿಕೊಂಡ. ಅದರೊಳಗೆ ಬಿಸಿ ಮಾಡಿದ ಸಣ್ಣ ಪ್ಲ್ಯಾಟಿನಂ ತಂತಿಯನ್ನು ಇಳಿಬಿಟ್ಟ. ತಂತಿ ತಣ್ಣಗಾಗಬೇಕಿತ್ತು. ಬದಲಿಗೆ ಕೆಂಪಗಾಯಿತು, ಇನ್ನೂ ಬೆಳ್ಳಗಾಗುತ್ತ ಹೋಯಿತು. ಎಲ್ಲೂ ಜ್ವಾಲೆಯಿಲ್ಲ, ತಂತಿ ಮಾತ್ರ ನಿಗಿನಿಗಿ. ಅನಿಲ ಇರುವತನಕ ಅದು ಆರಲಿಲ್ಲ. ಈಥರ್ ಮತ್ತು ಆಲ್ಕೊಹಾಲಿನ ಆವಿಯಲ್ಲೂ ಹಾಗೆಯೇ. ತಾಮ್ರ, ಬೆಳ್ಳಿ, ಕಬ್ಬಿಣ, ಚಿನ್ನದ ತಂತಿಗಳನ್ನು ಹಾಕಿ ನೋಡಿದ, ಅವು ಸುಮ್ಮನೆ ಆರಿಹೋದವು. ಪ್ಲ್ಯಾಟಿನಂ ಮತ್ತು ಅದರ ಬಳಗದ ಪಲ್ಲೇಡಿಯಂ ಮಾತ್ರ ಉರಿದವು. 1817ರ ಜನವರಿಯಲ್ಲಿ ಈ ಪ್ರಯೋಗಗಳು ರಾಯಲ್ ಸೊಸೈಟಿಯ ಮುಂದೆ ಬಂದವು.

ಅವನ ಅದೃಷ್ಟಕ್ಕೆ ಪ್ಲ್ಯಾಟಿನಂ ತಂತಿಯಾಗುವಷ್ಟು ಹದಕ್ಕೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ವಿಲಿಯಂ ವೊಲಾಸ್ಟನ್ ಈ ಮೊಂಡು ಲೋಹವನ್ನು ಬಡಿದು, ಎಳೆದು ಬಳಸುವ ವಿಧಾನವನ್ನು ಗುಟ್ಟಾಗಿಟ್ಟುಕೊಂಡು, ಲೋಹವನ್ನು ಮಾತ್ರ ಮಾರುತ್ತಿದ್ದ.

ಜ್ವಾಲೆ ಆರಿದರೂ ಗಣಿಯವನಿಗೆ ಒಂದಿಷ್ಟು ಬೆಳಕು ಸಿಗಲಿ ಎಂದು ಡೇವಿ ದೀಪದ ಬತ್ತಿಯ ಮೇಲೆ ಪ್ಲ್ಯಾಟಿನಂ ಸುರುಳಿ ತೂಗುಬಿಟ್ಟ. 1823ರಲ್ಲಿ ಜರ್ಮನಿಯ ಯೇನಾದಲ್ಲಿ ಡೊಬೆರೈನರ್ ಸ್ಪಂಜಿನಂಥ ಪ್ಲ್ಯಾಟಿನಂ ಮೇಲೆ ಜಲಜನಕ ಊದಿ ಬೆಂಕಿ ಹೊತ್ತಿಸುವ ಪೆಟ್ಟಿಗೆಯನ್ನೇ ಮಾಡಿದ. ತಾನು ಖರ್ಚಾಗದೆ ಕ್ರಿಯೆ ನಡೆಸಿಕೊಡುವ ಈ ಗುಣಕ್ಕೆ ಬರ್ಜೀಲಿಯಸ್ 1835ರಲ್ಲಿ ಹೆಸರಿಟ್ಟ. ಕನ್ನಡದಲ್ಲಿ ನಾವು ವೇಗವರ್ಧಕ ಎನ್ನುವುದು ಈ ಗುಣವುಳ್ಳ ವಸ್ತುವನ್ನೇ.

ಆದರೆ ಎಂಜಿನ್ನಿಗೆ ಅದು ಬರಲು ಇನ್ನೂ ನೂರು ವರ್ಷ ಬೇಕಾಯಿತು. 1930ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಲಿಯಂ ಬ್ರೌನ್ ಎಂಬ ತರುಣನ ‘ಬ್ರೌನ್ ಜೂನಿಯರ್’ ಮಾದರಿ ವಿಮಾನಗಳಿಗೆ ಜೀವ ತುಂಬಿತ್ತು. ಅದು ಕಿಡಿಯ ಎಂಜಿನ್. ವಿಮಾನ ಹೊತ್ತೊಯ್ಯುವ ಭಾರದಲ್ಲಿ ಕಾಯಿಲ್, ಕಂಡೆನ್ಸರ್, ಬ್ಯಾಟರಿಯದೇ ದೊಡ್ಡ ಪಾಲು. ಪಾಯಿಂಟಿಗೆ ಎಣ್ಣೆ ಹಿಡಿದರೆ ಆ ದಿನದ ಹಾರಾಟವೇ ಮುಗಿಯಿತು. ಯುರೋಪಿನವರು ಈಥರ್ ಬೆರೆಸಿದ ಇಂಧನವನ್ನು ಒತ್ತಡದಿಂದಲೇ ಹೊತ್ತಿಸುವ ಪುಟ್ಟ ಡೀಸೆಲ್ ಮಾಡಿಕೊಂಡರು. ನಮ್ಮಲ್ಲಿ ಎನ್‌ಸಿಸಿ ವಾಯುದಳದ ಹಳೆಯ ಕೆಡೆಟ್‌ಗಳಿಗೆ ನೆನಪಿರುವ ಈಥರ್ ವಾಸನೆ ಆ ಕುಲದ್ದು.

1947ರಲ್ಲಿ ನ್ಯೂಯಾರ್ಕಿನ ರೇ ಆರ್ಡೆನ್ ಎಂಬ ಹಿರಿಯ ಕುಶಲಕರ್ಮಿ ಪ್ಲಗ್ಗಿನ ಹೊಟ್ಟೆಯಲ್ಲಿ ಪ್ಲ್ಯಾಟಿನಂ ಮಿಶ್ರಲೋಹದ ಸಣ್ಣ ಸುರುಳಿ ಕೂರಿಸಿ ಮಾರುಕಟ್ಟೆಗೆ ತಂದ. ಪೆಟ್ರೋಲ್ ಬದಲು ಮೆಥನಾಲ್. ಆರಂಭಕ್ಕೆ ಮಾತ್ರ ಸೆಲ್ ಬೇಕು. ಒಮ್ಮೆ ಹೊತ್ತಿದರೆ ಉರಿಯ ಬಿಸಿ, ಒತ್ತಡದ ಬಿಸಿ, ಅದರ ಜೊತೆಗೆ ಪ್ಲ್ಯಾಟಿನಂ ಮೈಮೇಲೆ ಮೆಥನಾಲ್ ಆವಿ ಆಮ್ಲಜನಕದೊಡನೆ ಸೇರುವಾಗ ಹುಟ್ಟುವ ಬಿಸಿ, ಇವು ಮೂರೂ ಕೂಡಿ ಸುರುಳಿಯನ್ನು ಆರಗೊಡುವುದಿಲ್ಲ. ಡೇವಿ ಗಾಜಿನ ಪಾತ್ರೆಯಲ್ಲಿ ಕಂಡದ್ದು ಈಗ ಸಿಲಿಂಡರಿನಲ್ಲಿ. ಮೆಥನಾಲೇ ಬೇಕಾದದ್ದಕ್ಕೆ ಕಾರಣವೂ ಇದೇ. ಈ ಎಂಜಿನ್ನಿಗೆ ಪೆಟ್ರೋಲ್ ಹಾಕಿದರೆ ಸೆಲ್ ಕಿತ್ತೊಡನೆ ನಿಂತುಬಿಡುತ್ತದೆ. ಹಳೆಯ ಕಿಡಿ ಎಂಜಿನುಗಳ ತಲೆಗೆ ಹೊಸ ಪ್ಲಗ್ ತಿರುಗಿಸಿ, ಕಾಯಿಲ್ಲು ಬ್ಯಾಟರಿಗಳನ್ನು ಬಿಚ್ಚಿ ಎಸೆದರು. ಕೆಲವೇ ವರ್ಷಗಳಲ್ಲಿ ಮುಕ್ಕಾಲು ಸಿಸಿ ಆಸುಪಾಸಿನ ಎಂಜಿನುಗಳು ಅಮೆರಿಕದ ಆಟಿಕೆ ಅಂಗಡಿಗಳಿಗೂ ಬಂದವು. ಅಷ್ಟು ಚಿಕ್ಕದರಲ್ಲಿ ಕಿಡಿಯ ಸರಂಜಾಮು ಹೊರುವ ಮಾತೇ ಇರಲಿಲ್ಲ.

ಮೆಥನಾಲಿನ ಬಗ್ಗೆ ಒಂದು ಎಚ್ಚರ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯ ವಿಷ ಇದೇ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ, ಕೈ ಸುಟ್ಟ ಮೇಲೆ ತಿಳಿಯುತ್ತದೆ. ಎಂಜಿನ್ ಓಡಿಸಿ ನೋಡುವುದಾದರೆ ಹಲಗೆಗೆ ಬಿಗಿದು ಬಯಲಲ್ಲಿ, ಫ್ಯಾನಿನ ಹಿಂದೆ ನಿಂತು. ಆಲಮಟ್ಟಿಯ ಅಣೆಕಟ್ಟೆ, ವಿದ್ಯುದಾಗಾರದ ಸುತ್ತ ಹಾರಿಸುವ ಆಸೆ ಬೇಡವೇ ಬೇಡ.

ಇಷ್ಟು ತಿಳಿದ ಮೇಲೆ ಮೇಸ್ತ್ರಿಯ ಕೈಯಲ್ಲಿರುವ ಎಂಜಿನ್ನಿನ ರೋಗ ಹುಡುಕುವುದು ಸುಲಭ. ಸೆಲ್ ಹಚ್ಚಿದಾಗ ಸುರುಳಿ ಕಿತ್ತಳೆಗೆಂಪಾಗಿ ಬೆಳಗಬೇಕು. ಬೆಳಗದಿದ್ದರೆ ತಂತಿ ತುಂಡಾಗಿದೆ. ಚೆನ್ನಾಗಿ ಬೆಳಗಿಯೂ ಸೆಲ್ ಕಿತ್ತೊಡನೆ ಎಂಜಿನ್ ನಿಂತರೆ, ಇಂಧನ ವಿಪರೀತ ಹೆಚ್ಚಾಗಿ ಸುರುಳಿ ತಣಿಯುತ್ತಿರಬಹುದು. ಕಾರ್ಬುರೇಟರಿನ ಸೂಜಿಯನ್ನು ತುಸು ಬಿಗಿ ಮಾಡಿದರೆ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಪ್ಲ್ಯಾಟಿನಂ ಮೈ ಮುಚ್ಚಿಹೋಗಿದೆ ಎಂದೇ ಅರ್ಥ. ಲೋಹದ ಮೇಲ್ಮೈ ಬರಿದಾಗಿದ್ದರೆ ಮಾತ್ರ ಈ ಕ್ರಿಯೆ ನಡೆದೀತು. ಮೋಟಾರುಗಳ ಸೈಲೆನ್ಸರಿನೊಳಗಿನ ವೇಗವರ್ಧಕಕ್ಕೂ ಇದೇ ಕಾಯಿಲೆ. ಸೀಸ ಬೆರೆಸಿದ ಪೆಟ್ರೋಲ್ ಅದರ ಮೈಗೆ ಮೆತ್ತಿ ಕೊಲ್ಲುತ್ತದೆ. 2000ದ ಫೆಬ್ರುವರಿಯಿಂದ ದೇಶದ ಬಂಕುಗಳಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಬಂದದ್ದಕ್ಕೆ ಜನರ ಆರೋಗ್ಯದ ಜೊತೆ ಇದೂ ಒಂದು ಕಾರಣ.

ನಮ್ಮ ಪುಟ್ಟ ಎಂಜಿನ್ನಿನಲ್ಲಿ ಸೀಸವಿಲ್ಲ, ಪ್ಲಗ್ಗನ್ನು ಕೊಲ್ಲುವುದು ಮನೆಯೊಳಗಿನ ಧೂಳೇ. ತುಕ್ಕು ಹಿಡಿದ ಬೇರಿಂಗ್ ಸವೆಯುತ್ತ ಉದುರಿಸುವ ಲೋಹದ ಪುಡಿ ಇಂಧನದೊಡನೆ ಮೇಲೆ ಹೋಗಿ ಸುರುಳಿಗೆ ಅಂಟುತ್ತದೆ. ಮೆಥನಾಲ್ ತೇವ ಹೀರುವ ದ್ರವ, ಇಂಧನಕ್ಕೆ ನೈಟ್ರೋಮೀಥೇನ್ ಸೇರಿಸಿದ್ದರೆ ಆಮ್ಲದ ಅಂಶವೂ ಉಳಿಯುತ್ತದೆ. ಓಡಿಸಿದ ಮೇಲೆ ಎಣ್ಣೆ ಬಿಡದೆ ಎತ್ತಿಟ್ಟ ಎಂಜಿನ್ನಿನ ಬೇರಿಂಗ್ ತುಕ್ಕು ಹಿಡಿಯದೆ ಇರದು. ಹೊಸ ಪ್ಲಗ್ ಹಾಕಿದಷ್ಟೂ ಸಾಯುತ್ತಿದ್ದರೆ ಇನ್ನೊಂದು ಪ್ಲಗ್ ತರಲು ಹೋಗದೆ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು. ಕರಕರ ಎಂದರೆ ಪಿಸ್ಟನ್, ಶಾಫ್ಟ್ ತೆಗೆದು ಖಾಲಿ ಕವಚವನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಮರದ ತುಂಡಿನ ಮೇಲೆ ಕುಟ್ಟಿದರೆ ಅಲ್ಯುಮಿನಿಯಮ್ ಹಿಗ್ಗಿ ಹಳೆಯ ಬೇರಿಂಗ್ ತಾನಾಗಿ ಕೆಳಗೆ ಬೀಳುತ್ತದೆ. ಅದೇ ಬಿಸಿಯಲ್ಲಿ ಹೊಸದನ್ನು ಒಳಗೆ ಕೂರಿಸಬೇಕು.