ಕೊನೆಯ ಚೌಕಟ್ಟಿನ ತಿರುವು

ಪರಸ್ಪರ ಸಂಬಂಧವಿಲ್ಲದ ಹಲವು ಕಿರು ಚಿತ್ರಕಥೆಗಳನ್ನು ಒಂದೇ ಸಂಚಿಕೆಯಲ್ಲಿ ಸೇರಿಸಿ, ಪ್ರತಿ ಕಥೆಯನ್ನೂ ಅನಿರೀಕ್ಷಿತ ತಿರುವಿನೊಂದಿಗೆ ಮುಗಿಸುವ ಸಂಕಲನ ಮಾದರಿಯ ಕಾಮಿಕ್ಸ್, ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಹು ಜನಪ್ರಿಯವಾಯಿತು. ಈ ಮಾದರಿಯನ್ನು ಪಕ್ವಗೊಳಿಸಿದ ಕೀರ್ತಿ ನ್ಯೂಯಾರ್ಕಿನ ಇ.ಸಿ. ಕಾಮಿಕ್ಸ್ ಸಂಸ್ಥೆಗೆ ಸಲ್ಲುತ್ತದೆ. 1947ರಲ್ಲಿ ತಂದೆಯ ಮರಣಾನಂತರ ಸಂಸ್ಥೆಯ ಹೊಣೆ ಹೊತ್ತ ವಿಲಿಯಂ ಗೇನ್ಸ್, ಸಂಪಾದಕ ಅಲ್ ಫೆಲ್ಡ್‌ಸ್ಟೀನ್ ಜೊತೆಗೂಡಿ 1950ರಲ್ಲಿ 'ವಿಯರ್ಡ್ ಸೈನ್ಸ್' ಮತ್ತು 'ವಿಯರ್ಡ್ ಫ್ಯಾಂಟಸಿ' ಎಂಬ ಎರಡು ವಿಜ್ಞಾನಕಥಾ ಪತ್ರಿಕೆಗಳನ್ನು ಆರಂಭಿಸಿದರು.

ಹತ್ತು ಸೆಂಟಿಗೆ ದೊರೆಯುತ್ತಿದ್ದ ಇವುಗಳ ಪ್ರತಿ ಸಂಚಿಕೆಯಲ್ಲಿ ಸಾಮಾನ್ಯವಾಗಿ ನಾಲ್ಕು ಚಿತ್ರಕಥೆಗಳಿರುತ್ತಿದ್ದವು. ಗೇನ್ಸ್ ರಾತ್ರಿಯೆಲ್ಲ ಓದಿ ಕಲೆಹಾಕಿದ ಕಥಾಬೀಜಗಳನ್ನು ಫೆಲ್ಡ್‌ಸ್ಟೀನ್ ನೇರವಾಗಿ ಚಿತ್ರಫಲಕದ ಮೇಲೆಯೇ ಕಥೆಯಾಗಿ ಬರೆಯುತ್ತಿದ್ದರು. ಅಕ್ಷರಗಳೆಲ್ಲ ಮೂಡಿದ ನಂತರವೇ ಫಲಕ ವಾಲಿ ವುಡ್, ಜೋ ಒರ್ಲಾಂಡೊ ಮೊದಲಾದ ಕಲಾವಿದರ ಕೈ ಸೇರುತ್ತಿದ್ದುದರಿಂದ, ಮಾತು ಬಿಟ್ಟುಕೊಟ್ಟ ಜಾಗದಲ್ಲಿ ಅವರು ರಾಕೆಟ್ಟು, ಯಂತ್ರ, ಅನ್ಯಗ್ರಹಗಳನ್ನು ತುಂಬಬೇಕಾಗುತ್ತಿತ್ತು. ಒಮ್ಮೆ ರೇ ಬ್ರಾಡ್ಬರಿಯವರ ಎರಡು ಕಥೆಗಳನ್ನು ಅನುಮತಿಯಿಲ್ಲದೆ ಬೆಸೆದು ಪ್ರಕಟಿಸಿದಾಗ, ಆ ಲೇಖಕರು ಜಗಳಕ್ಕೆ ನಿಲ್ಲದೆ, ಸಂಭಾವನೆ ಕಳುಹಿಸಲು ಮರೆತಿರಬಹುದೆಂದು ನಯವಾಗಿ ಪತ್ರ ಬರೆದರು. ಅಲ್ಲಿಂದ ಮುಂದೆ ಅವರ ಹಲವು ಕಥೆಗಳು ಒಪ್ಪಂದದ ಮೇಲೆಯೇ ಚಿತ್ರರೂಪ ತಳೆದವು.

1953ರಲ್ಲಿ ಪ್ರಕಟವಾದ 'ಜಡ್ಜ್‌ಮೆಂಟ್ ಡೇ' ಈ ಬಗೆಯ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ರೋಬೋಟ್‌ಗಳೇ ವಾಸಿಸುವ ಗ್ರಹವೊಂದು ನಕ್ಷತ್ರಲೋಕದ ಗಣರಾಜ್ಯಕ್ಕೆ ಸೇರಲು ಯೋಗ್ಯವೇ ಎಂದು ಪರೀಕ್ಷಿಸಲು ಭೂಮಿಯಿಂದ ಗಗನಯಾತ್ರಿಯೊಬ್ಬ ಬರುತ್ತಾನೆ. ಕಿತ್ತಳೆ ಮತ್ತು ನೀಲಿ ರೋಬೋಟ್‌ಗಳ ಒಳಯಂತ್ರ ಒಂದೇ ಆಗಿದ್ದರೂ, ಹೊರಕವಚದ ಬಣ್ಣದ ಕಾರಣಕ್ಕೆ ನೀಲಿಯವು ಬಸ್ಸಿನ ಹಿಂಭಾಗದಲ್ಲಿ ಕೂರಬೇಕಾದ ವ್ಯವಸ್ಥೆಯನ್ನು ಕಂಡು, ಆತ ಗ್ರಹದ ಕೋರಿಕೆಯನ್ನು ತಿರಸ್ಕರಿಸುತ್ತಾನೆ. ಮರಳಿ ಹೊರಟ ರಾಕೆಟ್ಟಿನಲ್ಲಿ, ಕೊನೆಯ ಚೌಕಟ್ಟಿನಲ್ಲಿ, ಆತ ಶಿರಸ್ತ್ರಾಣ ತೆಗೆದಾಗ ಅವನು ಕಪ್ಪು ವರ್ಣದವನೆಂಬುದು ಮೊದಲ ಬಾರಿಗೆ ತಿಳಿಯುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಬಸ್ಸುಗಳಲ್ಲಿ ಇಂಥದೇ ವರ್ಣಭೇದ ಜಾರಿಯಲ್ಲಿದ್ದ ಕಾಲವದು.

ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂಬ ಕೂಗೆದ್ದು, 1954ರಲ್ಲಿ ಸೆನೆಟ್ ಉಪಸಮಿತಿಯ ವಿಚಾರಣೆ ನಡೆದ ಬಳಿಕ, ಪ್ರಕಾಶಕರು ಕಾಮಿಕ್ಸ್ ಕೋಡ್ ಎಂಬ ಸ್ವಯಂನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿಕೊಂಡರು. ಈ ಕಥೆಯನ್ನು ಮರುಮುದ್ರಿಸಲು ಹೊರಟಾಗ ಕೋಡ್‌ನ ಮುಖ್ಯಸ್ಥರು ಗಗನಯಾತ್ರಿಯ ವರ್ಣಕ್ಕೆ ಆಕ್ಷೇಪವೆತ್ತಿದರು. ಆ ಮುಖವನ್ನು ಬದಲಿಸಿದರೆ ಕಥೆಗೇ ಅರ್ಥವಿಲ್ಲವೆಂದು ಪಟ್ಟುಹಿಡಿದ ಗೇನ್ಸ್, 1956ರ ಆರಂಭದ ಸಂಚಿಕೆಯಲ್ಲಿ ಅದನ್ನು ಇದ್ದಂತೆಯೇ ಪ್ರಕಟಿಸಿದರು. ಅದು ಸಂಸ್ಥೆಯ ಕೊನೆಯ ಕಾಮಿಕ್ಸ್ ಸಂಚಿಕೆಯಾಯಿತು. ನಿಯತಕಾಲಿಕ ರೂಪಕ್ಕೆ ಬದಲಾಗಿದ್ದ, ಅದೇ ಸಂಸ್ಥೆಯ ಹಾಸ್ಯಪತ್ರಿಕೆ 'ಮ್ಯಾಡ್' ಮಾತ್ರ ಮುಂದುವರಿಯಿತು.

ಈ ಮಾದರಿಯ ಅನೇಕ ಕಥೆಗಳು ಬರಿಯ ಚಮತ್ಕಾರದಲ್ಲೇ ಮುಗಿದು, ಗುಟ್ಟು ರಟ್ಟಾದೊಡನೆ ಸಪ್ಪೆಯಾಗುತ್ತವೆ ಎಂಬುದೂ ನಿಜ. ತಿರುವು ಮೊದಲೇ ತಿಳಿದಿದ್ದರೂ ಮತ್ತೆ ಓದಿಸಿಕೊಳ್ಳುವ 'ಜಡ್ಜ್‌ಮೆಂಟ್ ಡೇ'ಯಂಥ ಕಥೆಗಳೇ ಈ ಪರಂಪರೆಯ ನಿಜವಾದ ಸಾಧನೆ.