ಅಂಗವಿಕಲ ಮಾಸಾಶನದ ಮರುಪರಿಶೀಲನೆ: ಕರೆ ಬರುವ ಮುನ್ನವೇ ಸಿದ್ಧತೆ ಇರಲಿ

ಮೂಡಲಗಿ: ಅಂಗವಿಕಲರ ಮಾಸಾಶನ ಒಮ್ಮೆ ಮಂಜೂರಾದರೆ ಸಾಕು, ಜೀವಮಾನವಿಡೀ ತಾನಾಗಿಯೇ ಖಾತೆಗೆ ಬಂದು ಬೀಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವ ಹಾಗಿಲ್ಲ. ಫಲಾನುಭವಿ ಬದುಕಿದ್ದಾರೆಯೇ, ಕೊಟ್ಟ ವಿಳಾಸದಲ್ಲಿಯೇ ವಾಸವಾಗಿದ್ದಾರೆಯೇ, ಕುಟುಂಬದ ಆದಾಯ ಮಿತಿಯೊಳಗಿದೆಯೇ, ವೈದ್ಯಕೀಯ ಪ್ರಮಾಣಪತ್ರದ ಅವಧಿ ಉಳಿದಿದೆಯೇ ಎಂಬುದನ್ನು ಕಂದಾಯ ಇಲಾಖೆ ಆಗಾಗ್ಗೆ ಪರಿಶೀಲಿಸುತ್ತದೆ. ಇವುಗಳಲ್ಲಿ ಒಂದು ಉತ್ತರ ತಪ್ಪಿದರೂ ಹಣ ನಿಲ್ಲಬಹುದು. ನಿಂತ ಹಣವನ್ನು ಮರಳಿ ಆರಂಭಿಸುವುದು ಹೊಸದಾಗಿ ಅರ್ಜಿ ಹಾಕುವುದಕ್ಕಿಂತಲೂ ಕಷ್ಟದ ಕೆಲಸ ಎಂಬುದು ಅಲೆದಾಡಿದವರಿಗೆಲ್ಲ ತಿಳಿದಿರುವ ಸಂಗತಿ.

ರಾಜ್ಯದಲ್ಲಿ ಶೇ. 40ರಿಂದ 74ರಷ್ಟು ಅಂಗವೈಕಲ್ಯ ಉಳ್ಳವರಿಗೆ ತಿಂಗಳಿಗೆ 800 ರೂ., ಶೇ. 75 ಹಾಗೂ ಅದಕ್ಕೂ ಮೇಲ್ಪಟ್ಟವರಿಗೆ 1,400 ರೂ., ತೀವ್ರ ಬೌದ್ಧಿಕ ಅಂಗವೈಕಲ್ಯ ಉಳ್ಳವರಿಗೆ 2,000 ರೂ. ಮಾಸಾಶನವಿದೆ. ಕುಟುಂಬದ ವಾರ್ಷಿಕ ಆದಾಯ 32,000 ರೂ. ಮೀರಿರಬಾರದು. ಬೆಂಗಳೂರಿನ ಓದುಗರಿಗೆ ಈ ಮೊತ್ತಗಳು ಅಲ್ಪವೆನಿಸಬಹುದು. ಆದರೆ ಕಬ್ಬಿನ ಗದ್ದೆಯ ಕೂಲಿಯನ್ನೇ ನಂಬಿದ ಮನೆಯಲ್ಲಿ ಔಷಧದ ಖರ್ಚು ಹೊರುವುದು ಇದೇ ಹಣ. ಮರುತಪಾಸಣೆಯಲ್ಲಿ ಶೇ. 76 ಇದ್ದದ್ದು 70ಕ್ಕೆ ಇಳಿದರೆ ತಿಂಗಳಿಗೆ 600 ರೂ. ಕೈಬಿಡುತ್ತದೆ. ಶೇ. 42 ಇದ್ದದ್ದು 38ಕ್ಕೆ ಇಳಿದರೆ ಉಳಿಯುವುದು ಏನೂ ಇಲ್ಲ.

ಎರಡು ಕಚೇರಿ, ಎರಡು ಪರಿಶೀಲನೆ

ಬಹುತೇಕರ ಗೊಂದಲ ಆರಂಭವಾಗುವುದು ಇಲ್ಲಿಂದಲೇ. ಮಾಸಾಶನ ಕೊಡುವುದು ಕಂದಾಯ ಇಲಾಖೆ. ಮಂಜೂರಾತಿ, ತಡೆ, ಮರುಚಾಲನೆ ಎಲ್ಲವೂ ತಹಶೀಲ್ದಾರರ ಕಚೇರಿಯ ವ್ಯಾಪ್ತಿಗೆ ಸೇರಿವೆ. ಅಂಗವೈಕಲ್ಯದ ಪ್ರಮಾಣವನ್ನು ನಿರ್ಧರಿಸುವುದು ಮಾತ್ರ ಸರ್ಕಾರಿ ವೈದ್ಯರು. ಆಸ್ಪತ್ರೆಯಲ್ಲಿ ಹಣದ ಬಗ್ಗೆ ಕೇಳಿದರೆ ಉತ್ತರ ಸಿಗದು, ತಾಲ್ಲೂಕು ಕಚೇರಿಯಲ್ಲಿ ಶೇಕಡಾವಾರು ಪ್ರಮಾಣದ ಬಗ್ಗೆ ವಾದಿಸಿ ಪ್ರಯೋಜನವಿಲ್ಲ. ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ಪ್ರತ್ಯೇಕ ತಾಲ್ಲೂಕಾದ ಮೇಲೆ ಕಂದಾಯದ ಕೆಲಸಕ್ಕಾಗಿ ಗೋಕಾಕಕ್ಕೆ ಅಲೆಯುವುದು ತಪ್ಪಿದೆ. ಆದರೆ ತಜ್ಞರ ತಪಾಸಣೆ ಬೇಕಾದಾಗ, ಅದರಲ್ಲೂ ಶ್ರವಣ ಹಾಗೂ ಬೌದ್ಧಿಕ ಸಾಮರ್ಥ್ಯದ ಪರೀಕ್ಷೆಗಳಿಗೆ, ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ದಾರಿ ಹಿಡಿಯಬೇಕಾದ ಸ್ಥಿತಿ ಇದ್ದೇ ಇದೆ.

ಹಳೆಯ ಕೈಬರಹದ ಪ್ರಮಾಣಪತ್ರಗಳನ್ನು ಇಟ್ಟುಕೊಂಡವರು ಒಂದು ವಿಷಯ ಗಮನಿಸಬೇಕು. 2021ರ ಜೂನ್ 1ರಿಂದ ದೇಶದಾದ್ಯಂತ ಅಂಗವೈಕಲ್ಯ ಪ್ರಮಾಣಪತ್ರಗಳನ್ನು ಯುಡಿಐಡಿ ಜಾಲತಾಣದ ಮೂಲಕವೇ ನೀಡಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿತು. ಕಾರ್ಡಿನ ಬಣ್ಣವೂ ಅರ್ಥಪೂರ್ಣ: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಹಾಗೂ ಮೇಲ್ಪಟ್ಟರೆ ನೀಲಿ. 1995ರ ಹಳೆಯ ಕಾಯ್ದೆಯಡಿ ನೀಡಿದ ಪ್ರಮಾಣಪತ್ರ ಅದರಲ್ಲಿ ನಮೂದಿಸಿದ ಅವಧಿಯವರೆಗೆ ಊರ್ಜಿತವೆಂದು 2017ರ ನಿಯಮಗಳು ಹೇಳುತ್ತವೆ. ಆದರೂ ಗಣಕಯಂತ್ರದ ಮುಂದೆ ಕುಳಿತ ಸಿಬ್ಬಂದಿ ಕೇಳುವುದು ಯುಡಿಐಡಿ ಸಂಖ್ಯೆಯನ್ನೇ. ಆದ್ದರಿಂದ ಮರುಪರಿಶೀಲನೆಯ ನೋಟಿಸು ಬರುವವರೆಗೆ ಕಾಯದೆ ಹಳೆಯ ಪತ್ರವನ್ನು ಈ ವ್ಯವಸ್ಥೆಗೆ ವರ್ಗಾಯಿಸಿಕೊಳ್ಳುವುದು ಜಾಣತನ. 2024ರ ತಿದ್ದುಪಡಿಯಂತೆ ಅರ್ಜಿ ಎರಡು ವರ್ಷ ಮುಂದುವರಿಯದೆ ಉಳಿದರೆ ಅದು ರದ್ದಾಗುತ್ತದೆ, ಹೊಸದಾಗಿ ಸಲ್ಲಿಸಬೇಕಾಗುತ್ತದೆ.

ಶಾಶ್ವತವೋ, ತಾತ್ಕಾಲಿಕವೋ?

ಮನೆಯಲ್ಲಿರುವ ಪ್ರಮಾಣಪತ್ರವನ್ನು ಈಗಲೇ ತೆಗೆದು ನೋಡಿರಿ. ಸ್ಥಿತಿ ಬದಲಾಗುವ ಸಂಭವವಿಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರ ನೀಡಬೇಕು, ಬದಲಾಗುವ ಸಂಭವವಿದ್ದರೆ ಮಾತ್ರ ಅವಧಿ ನಮೂದಿಸಿದ ತಾತ್ಕಾಲಿಕ ಪತ್ರ ನೀಡಬೇಕು ಎಂಬುದು ನಿಯಮ. ಕತ್ತರಿಸಿದ ಕಾಲು ಮರಳಿ ಬೆಳೆಯದು. ಅಂಥವರ ಕೈಯಲ್ಲಿ ತಾತ್ಕಾಲಿಕ ಪತ್ರವಿದ್ದರೆ ಮುಂದಿನ ತಪಾಸಣೆಯಲ್ಲಿ ಶಾಶ್ವತ ಪತ್ರವನ್ನೇ ಕೋರಬೇಕು; ನಡೆಯಲಾರದವರನ್ನು ಪದೇ ಪದೇ ನಡೆಸುವುದರಲ್ಲಿ ಯಾವ ನ್ಯಾಯವೂ ಇಲ್ಲ. ಮಕ್ಕಳ ವಿಷಯ ಬೇರೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗೆ 5, 10 ಹಾಗೂ 18ನೇ ವಯಸ್ಸಿನಲ್ಲಿ ನವೀಕರಣವನ್ನು 2018ರ ಮಾರ್ಗಸೂಚಿ ವಿಧಿಸಿತ್ತು. ಈ ವಯಸ್ಸುಗಳ ಹೊಸ್ತಿಲಲ್ಲಿ ಪಾಲಕರು ಎಚ್ಚರದಿಂದಿರಬೇಕು. ಮಗುವಿಗೆ 18 ತುಂಬಿದೊಡನೆ ಮತ್ತೊಂದು ಪ್ರಶ್ನೆ ಎದುರಾಗುತ್ತದೆ: ಖಾತೆ ನಿರ್ವಹಿಸುವವರು ಯಾರು? ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯಗಳಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಆದೇಶ ಪಡೆಯಬಹುದು.

ಒಂದಕ್ಕಿಂತ ಹೆಚ್ಚು ವೈಕಲ್ಯಗಳಿದ್ದವರು ಹೆಚ್ಚಾಗಿ ಕಣ್ಣಿಗೆ ಕಾಣುವ ಒಂದನ್ನೇ ಹೇಳಿ ಬರುತ್ತಾರೆ. ಇದು ನಷ್ಟದ ದಾರಿ. ಎರಡನ್ನೂ ಅಳೆದರೆ ಒಟ್ಟು ಪ್ರಮಾಣವನ್ನು ಸೂತ್ರವೊಂದರಿಂದ ಲೆಕ್ಕ ಹಾಕುತ್ತಾರೆ: ದೊಡ್ಡ ಸಂಖ್ಯೆಯನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿಸುವುದು. ಪೋಲಿಯೊದಿಂದ ಕಾಲಿನಲ್ಲಿ ಶೇ. 60, ಕಿವಿಯಲ್ಲಿ ಶೇ. 48 ಇದ್ದವರಿಗೆ 108 ಆಗುವುದಿಲ್ಲ. 60ಕ್ಕೆ 16 ಸೇರಿ 76 ಆಗುತ್ತದೆ. ಆದರೆ ಆ 16 ಅಂಕಗಳೇ 800 ರೂಪಾಯಿಯನ್ನು 1,400 ಮಾಡುತ್ತವೆ. ಕಾಲನ್ನಷ್ಟೇ ತೋರಿಸಿ ಬಂದವರು ಇದನ್ನು ಕಳೆದುಕೊಂಡಿರುತ್ತಾರೆ.

ತಪಾಸಣೆಯ ದಿನ

ಮೊದಲ ಚಿಕಿತ್ಸೆಯಿಂದ ಇಂದಿನವರೆಗಿನ ಚೀಟಿ, ಎಕ್ಸ್-ರೇ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ ಇವನ್ನು ಇಸವಿಗೆ ಅನುಗುಣವಾಗಿ ಜೋಡಿಸಿಕೊಳ್ಳಬೇಕು. ಈ ಭಾಗದ ಅನೇಕರು ಚಿಕಿತ್ಸೆಗಾಗಿ ಮಿರಜ, ಸಾಂಗ್ಲಿಗೆ ಹೋಗುವುದುಂಟು. ಅಲ್ಲಿನ ದಾಖಲೆಗಳು ಮರಾಠಿಯಲ್ಲಿದ್ದರೂ ಬಿಸಾಡಬಾರದು, ರೋಗದ ಇತಿಹಾಸಕ್ಕೆ ಅವೂ ಸಾಕ್ಷಿಯೇ. ದೃಷ್ಟಿ ತಪಾಸಣೆಗೆ ಕನ್ನಡಕ ತಪ್ಪದೆ ಒಯ್ಯಬೇಕು, ಏಕೆಂದರೆ ಕನ್ನಡಕದಿಂದ ಸರಿಪಡಿಸಿದ ಬಳಿಕವೂ ಉಳಿಯುವ ಕೊರತೆಯನ್ನೇ ಅಳೆಯುತ್ತಾರೆ. ಮಾನಸಿಕ ಕಾಯಿಲೆ ಅಥವಾ ಮೂರ್ಛೆರೋಗ ಇರುವವರ ಜೊತೆ ದಿನನಿತ್ಯ ಅವರನ್ನು ನೋಡಿಕೊಳ್ಳುವವರೇ ಹೋಗಬೇಕು. ಚೆನ್ನಾಗಿರುವ ದಿನವನ್ನು ನೋಡಿ ವೈದ್ಯರು ಇಡೀ ತಿಂಗಳನ್ನು ಅಂದಾಜಿಸುವಂತಾಗಬಾರದು. ಮರ್ಯಾದೆಗೆ ಅಂಜಿ ‘ಈಗ ಆರಾಮ ಅದಾನ್ರೀ’ ಎಂದು ಹೇಳುವುದು ನಮ್ಮ ಕಡೆಯವರ ರೂಢಿ. ಊಟ, ಸ್ನಾನ, ಶೌಚಕ್ಕೆ ಯಾರ ನೆರವು ಬೇಕು, ಮೂರ್ಛೆ ತಿಂಗಳಿಗೆ ಎಷ್ಟು ಸಲ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಹಾಗೆಯೇ ಹೇಳುವುದು ಒಳಿತು.

ಹಾಗೆಂದು ಇಲ್ಲದ್ದನ್ನು ಸೇರಿಸುವಂತಿಲ್ಲ. ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ವಂಚನೆಯಿಂದ ಪಡೆದರೆ 2016ರ ಕಾಯ್ದೆಯ 91ನೇ ಕಲಮಿನಂತೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂ.ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 2024ರಲ್ಲಿ ಮಹಾರಾಷ್ಟ್ರದ ತರಬೇತಿ ನಿರತ ಐಎಎಸ್ ಅಧಿಕಾರಿಯೊಬ್ಬರ ಪ್ರಮಾಣಪತ್ರ ವಿವಾದವಾದ ಬಳಿಕ ಎಲ್ಲರನ್ನೂ ಸಂಶಯದಿಂದ ನೋಡುವ ಪ್ರವೃತ್ತಿ ಹೆಚ್ಚಿದೆ. ಅದರ ಭಾರ ಬೀಳುವುದು ನಿಜವಾದ ಅಂಗವಿಕಲರ ಮೇಲೆ.

ಆಸ್ಟ್ರೇಲಿಯದಲ್ಲಿ 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯ ಪುನರ್‌ವಿಮರ್ಶೆಯಲ್ಲಿ ವ್ಯಕ್ತಿಗೆ ಯಾವ ನೆರವು ಎಷ್ಟು ಬೇಕು ಎಂಬುದೇ ಚರ್ಚೆಯ ವಿಷಯ. ನಮ್ಮಲ್ಲಿ ಕೇಳುವುದು ಪ್ರಮಾಣ ಮತ್ತು ಆದಾಯ ಎರಡನ್ನೇ. ಪ್ರಶ್ನೆಗಳೇ ಕಡಿಮೆಯಿರುವುದರಿಂದ ಆ ಎರಡಕ್ಕೆ ಕಾಗದ ಪಕ್ಕಾ ಇರಬೇಕು.

ಕಂದಾಯದ ಕಡೆಯ ಸಿದ್ಧತೆ ಹೆಚ್ಚಿನದೇನಲ್ಲ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ; ಮುಗಿಯುವ ಮುನ್ನ ನಾಡಕಚೇರಿಯಲ್ಲಿ ನವೀಕರಿಸಬೇಕು. ಆಧಾರ್, ಪಡಿತರ ಚೀಟಿ, ಯುಡಿಐಡಿ, ಬ್ಯಾಂಕ್ ಪುಸ್ತಕ ಈ ನಾಲ್ಕರಲ್ಲೂ ಹೆಸರು, ಜನ್ಮದಿನಾಂಕ ಒಂದೇ ರೀತಿ ಇರಬೇಕು. ‘ಬಸಪ್ಪ’ ಒಂದರಲ್ಲಿ, ‘ಬಸವರಾಜ’ ಮತ್ತೊಂದರಲ್ಲಿ ಇದ್ದರೆ ಗಣಕಯಂತ್ರಕ್ಕೆ ಇಬ್ಬರು ಮನುಷ್ಯರು. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ವಿಚಾರಿಸಬೇಕು. ಹೊಸ ಖಾತೆ ತೆರೆದಾಗ ಜೋಡಣೆ ಅದಕ್ಕೆ ವರ್ಗವಾಗಿ, ಹಣ ಬಂದರೂ ಗೊತ್ತಾಗದಿರುವ ಪ್ರಸಂಗಗಳಿವೆ. ದುಡಿಮೆಗಾಗಿ ಕುಟುಂಬ ತಿಂಗಳುಗಟ್ಟಲೆ ಬೇರೆಡೆ ಹೋಗುವುದಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಮುಂಚಿತವಾಗಿ ತಿಳಿಸಬೇಕು, ಇಲ್ಲವಾದರೆ ‘ವಿಳಾಸದಲ್ಲಿಲ್ಲ’ ಎಂಬ ಷರಾ ಬೀಳಬಹುದು. ಅರ್ಜಿ ಬರೆಯಲು, ಶಿಬಿರದ ದಿನಾಂಕ ತಿಳಿಯಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ಅವರೂ ಹೆಚ್ಚಾಗಿ ಅಂಗವಿಕಲರೇ ಆಗಿರುವುದರಿಂದ ಕಷ್ಟ ವಿವರಿಸಬೇಕಾಗಿಲ್ಲ.

ಪ್ರಮಾಣ ಕಡಿಮೆಯಾಯಿತೆಂದು ಅನಿಸಿದರೆ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡುವುದು ವೈದ್ಯಕೀಯ ಪ್ರಾಧಿಕಾರದ ಕರ್ತವ್ಯ. ಮಾಸಾಶನ ನಿಂತಿದ್ದರೆ ಮೊದಲು ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ತಡೆಯ ಆದೇಶದ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ. ತಾಲ್ಲೂಕಿನಲ್ಲಿ ನಡೆಯುವ ಪಿಂಚಣಿ ಅದಾಲತ್‌ಗಳಲ್ಲಿಯೂ ಅಹವಾಲು ಸಲ್ಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ.

ಬೆಳಗಾವಿಗೆ ಹೋಗಿಬರುವ ಖರ್ಚಿಗೆ ಹೆದರಿ ತಪಾಸಣೆ ತಪ್ಪಿಸಿಕೊಳ್ಳುವವರಿಗೆ ಒಂದು ಸೂಚನೆ: ಸಾರಿಗೆ ಸಂಸ್ಥೆಯ ಅಂಗವಿಕಲರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯವರೆಗೆ ನಡೆಯುತ್ತದೆ. ಅದನ್ನು ವರ್ಷಕ್ಕೊಮ್ಮೆ ಸೇವಾಸಿಂಧು ಮೂಲಕ ನವೀಕರಿಸಬೇಕು.