ಮಿದುಳಿನ ಗಾಯಗಳ ಕಾಲಾನುಕ್ರಮ ದಾಖಲಾತಿ: ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಎಂ.ಆರ್.ಐ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಮಿದುಳು ಹಾಗೂ ಬೆನ್ನುಹುರಿಗಳನ್ನು ಬಾಧಿಸುವ ದೀರ್ಘಕಾಲಿಕ ರೋಗ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ನರತಂತುಗಳನ್ನು ಸುತ್ತಿರುವ ಮೈಲಿನ್ ಕವಚದ ಮೇಲೆ ಎರಗುತ್ತದೆ. ಎರಗಿದ ಜಾಗದಲ್ಲಿ ಉರಿಯೂತವುಂಟಾಗಿ, ಕವಚ ಕಳಚಿ, ಕ್ರಮೇಣ ಗಡುಸಾದ ಕಲೆಯೊಂದು ಉಳಿಯುತ್ತದೆ. ಪ್ಯಾರಿಸ್ಸಿನ ವೈದ್ಯ ಜೀನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಈ ರೋಗವನ್ನು ವ್ಯವಸ್ಥಿತವಾಗಿ ನಿರೂಪಿಸಿದ ಕಾಲಕ್ಕೆ ಈ ಕಲೆಗಳನ್ನು ಕಾಣಲು ಶವಪರೀಕ್ಷೆಯೊಂದೇ ದಾರಿಯಾಗಿತ್ತು. ಅಂದರೆ ರೋಗದ ಅಂತ್ಯವಷ್ಟೇ ಕಣ್ಣಿಗೆ ಬೀಳುತ್ತಿತ್ತು. ಅದು ನಡೆದು ಬಂದ ದಾರಿ ಕಾಣುತ್ತಿರಲಿಲ್ಲ. ಆ ದಾರಿಯನ್ನು ಬದುಕಿರುವ ಮನುಷ್ಯನಲ್ಲಿಯೇ ಗುರುತಿಸಲು ಸಾಧ್ಯವಾದದ್ದು ಹೇಗೆ, ಆ ದಾಖಲೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಜಾನಪದ ವಿದ್ಯಾರ್ಥಿಗೆ ಈ ಪ್ರಶ್ನೆ ಅಪರಿಚಿತವೇನಲ್ಲ. ಒಬ್ಬಳೇ ಹಾಡುಗಾರ್ತಿಯ ಒಂದೇ ಕಥನಗೀತೆಯನ್ನು ಕೆಲವು ವರ್ಷಗಳ ಅಂತರದಲ್ಲಿ ಎರಡು ಬಾರಿ ದಾಖಲಿಸಿದಾಗ ಪಾಠಗಳಲ್ಲಿ ವ್ಯತ್ಯಾಸ ಕಂಡುಬರುತ್ತದೆ. ಆ ವ್ಯತ್ಯಾಸ ಹಾಡಿನದೋ, ದಾಖಲಿಸಿದ ಯಂತ್ರದ್ದೋ, ಬರೆದುಕೊಂಡವರದೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಮಿದುಳಿನ ಚಿತ್ರಗಳ ವಿಷಯದಲ್ಲಿಯೂ ಸಮಸ್ಯೆಯ ಸ್ವರೂಪ ಇದೇ. ಆದರೆ ಇಲ್ಲಿ ನಿರ್ಣಯ ತಪ್ಪಿದರೆ ಒಬ್ಬರ ಚಿಕಿತ್ಸೆಯೇ ತಪ್ಪುತ್ತದೆ.

1981ರಲ್ಲಿ ಲಂಡನ್ನಿನ ಇಯಾನ್ ಯಂಗ್ ಮತ್ತು ಸಂಗಡಿಗರು ಈ ರೋಗವುಳ್ಳವರ ಎಂ.ಆರ್.ಐ. ಚಿತ್ರಗಳನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಸಿ.ಟಿ. ಸ್ಕ್ಯಾನಿನಲ್ಲಿ ಕಾಣದಿದ್ದ ಎಷ್ಟೋ ಗಾಯಗಳು ಅವುಗಳಲ್ಲಿ ಕಂಡವು. ಈ ಯಂತ್ರ ಕ್ಷ-ಕಿರಣವನ್ನು ಬಳಸುವುದಿಲ್ಲ. ಪ್ರಬಲ ಕಾಂತಕ್ಷೇತ್ರದಲ್ಲಿ, ಮುಖ್ಯವಾಗಿ ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ರೇಡಿಯೊ ತರಂಗಕ್ಕೆ ಪ್ರತಿಸ್ಪಂದಿಸುವ ರೀತಿಯನ್ನು ಚಿತ್ರವಾಗಿಸುತ್ತದೆ. ಹೀಗಾಗಿ ಕಿರಣಗಳ ಭಯವಿಲ್ಲದೆ ಒಬ್ಬರನ್ನೇ ಮತ್ತೆ ಮತ್ತೆ ಪರೀಕ್ಷಿಸಬಹುದು. ಕಾಲಾನುಕ್ರಮ ದಾಖಲಾತಿಗೆ ಇದೇ ಆಧಾರವಾಯಿತು.

ಟಿ-2 ಎಂಬ ಬಗೆಯ ಚಿತ್ರದಲ್ಲಿ ಗಾಯಗಳು ಬಿಳಿಯ ಚುಕ್ಕೆಗಳಾಗಿ ತೋರುತ್ತವೆ. ಆದರೆ ಈ ಬಿಳುಪು ವರ್ಷಗಟ್ಟಲೆ ಉಳಿಯುವುದರಿಂದ ಗಾಯ ನಿನ್ನೆಯದೋ ಹತ್ತು ವರ್ಷದ ಹಿಂದಿನದೋ ಎಂದು ಅದೊಂದರಿಂದಲೇ ಹೇಳಲಾಗದು. ಗ್ಯಾಡೊಲಿನಿಯಂ ಎಂಬ ಧಾತುವಿನ ಸಂಯುಕ್ತವನ್ನು ರಕ್ತನಾಳಕ್ಕೆ ಚುಚ್ಚಿದರೆ, ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಸಡಿಲಗೊಂಡಿರುವ ಹೊಸ ಗಾಯಗಳು ಮಾತ್ರ ಟಿ-1 ಚಿತ್ರದಲ್ಲಿ ಬೆಳಗುತ್ತವೆ. ಈ ಬೆಳಗು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅಡಗುತ್ತದೆ. ಅದೇ ಟಿ-1 ಚಿತ್ರದಲ್ಲಿ ಬಹುಕಾಲ ಕಪ್ಪಾಗಿಯೇ ಉಳಿಯುವ ಜಾಗಗಳು ನರತಂತುಗಳೇ ನಾಶವಾಗಿರುವುದನ್ನು ಸೂಚಿಸುತ್ತವೆ. ಹೀಗೆ ಒಂದೊಂದು ಚಿತ್ರವೂ ಗಾಯದ ಒಂದೊಂದು ವಯಸ್ಸನ್ನು ಹೇಳುತ್ತದೆ.

ಕೆನಡಾದ ವ್ಯಾಂಕೂವರಿನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ ಕೆಲವು ವಾರಗಳಿಗೊಮ್ಮೆ ಅದೇ ರೋಗಿಗಳ ಚಿತ್ರ ತೆಗೆಯುತ್ತ ಹೋದರು. ಹೊರಗೆ ಯಾವ ಹೊಸ ಲಕ್ಷಣವೂ ಇಲ್ಲದ ಅವಧಿಯಲ್ಲಿಯೂ ಒಳಗೆ ಹೊಸ ಗಾಯಗಳು ಹುಟ್ಟಿ ಕುಗ್ಗುತ್ತಿದ್ದವು. ಲಕ್ಷಣಗಳು ಮರುಕಳಿಸಿದಾಗ ಮಾತ್ರ ರೋಗ ಜಾಗೃತವಾಗಿರುತ್ತದೆ ಎಂಬ ತಿಳಿವಳಿಕೆ ಇದರಿಂದ ಅಲುಗಾಡಿತು. 1993ರಲ್ಲಿ ಪ್ರಕಟವಾದ ಇಂಟರ್‌ಫೆರಾನ್ ಬೀಟಾ-1ಬಿ ಔಷಧಿಯ ಪರೀಕ್ಷೆಯಲ್ಲಿ 52 ಮಂದಿಯನ್ನು ಪ್ರತಿ ಆರು ವಾರಗಳಿಗೊಮ್ಮೆ ಎಂ.ಆರ್.ಐ.ಗೆ ಒಳಪಡಿಸಲಾಯಿತು, ಔಷಧಿ ಪಡೆದವರಲ್ಲಿ ಹೊಸ ಗಾಯಗಳು ಗಣನೀಯವಾಗಿ ಕಡಿಮೆಯಿದ್ದವು. 2001ರ ಮೆಕ್‌ಡೊನಾಲ್ಡ್ ಮಾನದಂಡಗಳು ಕಾಲಾಂತರದಲ್ಲಿ ಕಾಣಿಸಿಕೊಂಡ ಹೊಸ ಗಾಯವನ್ನು ರೋಗನಿರ್ಣಯದ ಸಾಕ್ಷ್ಯವಾಗಿ ಅಂಗೀಕರಿಸಿದವು. ಅಲ್ಲಿಯವರೆಗೆ ಎರಡನೆಯ ಬಾರಿ ರೋಗ ಎರಗುವವರೆಗೆ ಕಾಯಬೇಕಾಗಿದ್ದವರಿಗೆ ಚಿಕಿತ್ಸೆ ಬೇಗನೆ ದೊರೆಯುವಂತಾಯಿತು.

ಹೋಲಿಕೆಯ ಶಿಸ್ತಿನ ಪ್ರಶ್ನೆ ಏಳುವುದು ಇಲ್ಲಿಯೇ. ಯಂತ್ರದ ಕಾಂತಶಕ್ತಿ, ಚಿತ್ರದ ಪದರಗಳ ದಪ್ಪ, ತಲೆಯನ್ನು ಇರಿಸಿದ ಕೋನ, ಇವುಗಳಲ್ಲಿ ಯಾವುದೊಂದು ಬದಲಾದರೂ ಹಳೆಯ ಗಾಯ ಹೊಸದೆಂದು ತೋರಬಹುದು, ಹೊಸದು ಮರೆಯಾಗಲೂಬಹುದು. ಆದ್ದರಿಂದಲೇ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಧ್ಯವಾದಷ್ಟೂ ಅದೇ ಯಂತ್ರ, ಅದೇ ವಿಧಾನ ಹಾಗೂ 3 ಮಿಲಿಮೀಟರ್ ಮೀರದ ಪದರಗಳನ್ನು ಸೂಚಿಸುತ್ತದೆ. ಔಷಧಿ ಪೂರ್ಣ ಪರಿಣಾಮ ತೋರಲು ಕೆಲವು ತಿಂಗಳು ಬೇಕಾಗುವುದರಿಂದ, ಚಿಕಿತ್ಸೆ ಆರಂಭವಾದ 3ರಿಂದ 6 ತಿಂಗಳಲ್ಲಿ ಹೊಸ ಆಧಾರಚಿತ್ರ ತೆಗೆದು, ಮುಂದಿನ ಚಿತ್ರಗಳನ್ನು ಅದರೊಂದಿಗೆ ಹೋಲಿಸುವುದು ರೂಢಿ. ಈ ಎಚ್ಚರವಿಲ್ಲದಿದ್ದರೆ ಫಲಕಾರಿಯಾದ ಔಷಧಿಯನ್ನೇ ನಿಷ್ಫಲವೆಂದು ಕೈಬಿಡುವ ಅಪಾಯವಿದೆ. ಗ್ಯಾಡೊಲಿನಿಯಂನ ಅಂಶ ಮಿದುಳಿನಲ್ಲಿ ಉಳಿಯಬಹುದೆಂಬ ವರದಿ 2014ರಲ್ಲಿ ಬಂದ ನಂತರ ಪ್ರತಿ ಬಾರಿಯೂ ಅದನ್ನು ಬಳಸುವ ಪದ್ಧತಿ ಕಡಿಮೆಯಾಗಿದೆ. ಅದಿಲ್ಲದೆ ಗಾಯಗಳನ್ನು ಎಣಿಸಬೇಕಾದಾಗ ಹಳೆಯ ಮತ್ತು ಹೊಸ ಚಿತ್ರಗಳ ನಿಖರ ಹೋಲಿಕೆ ಇನ್ನಷ್ಟು ಮುಖ್ಯವಾಗುತ್ತದೆ.

ಇಷ್ಟಾದರೂ ಗಾಯಗಳ ಎಣಿಕೆಗೂ ರೋಗಿಯ ಅಶಕ್ತತೆಗೂ ಪೂರ್ಣ ತಾಳೆಯಿಲ್ಲ. ಬೆನ್ನುಹುರಿಯ ಸಣ್ಣ ಗಾಯವೊಂದು ನಡಿಗೆಯನ್ನೇ ಕಸಿಯಬಹುದು. ಮಿದುಳಿನ ದೊಡ್ಡ ಗಾಯ ಮೌನವಾಗಿರಬಹುದು. ಹೊರಪದರದ ಗಾಯಗಳು ಸಾಮಾನ್ಯ ಚಿತ್ರಗಳಲ್ಲಿ ಬಹುಪಾಲು ಕಾಣುವುದೇ ಇಲ್ಲ. ಹೊಸ ಗಾಯವಿಲ್ಲದೆಯೂ ಹಳೆಯ ಗಾಯಗಳ ಅಂಚಿನಲ್ಲಿ ಉರಿಯೂತ ಬೂದಿಯೊಳಗಿನ ಕೆಂಡದಂತೆ ಮುಂದುವರಿಯಬಲ್ಲದು. ಆದ್ದರಿಂದ ‘ಚಿತ್ರದಲ್ಲಿ ಬದಲಾವಣೆಯಿಲ್ಲ’ ಎಂಬ ವರದಿಯನ್ನು ಮುಂದಿಟ್ಟು, ‘ಮೊದಲಿನಷ್ಟು ದೂರ ನಡೆಯಲಾಗುತ್ತಿಲ್ಲ’ ಎನ್ನುವ ರೋಗಿಯ ಮಾತನ್ನು ತಳ್ಳಿಹಾಕುವುದು ಶಾಸ್ತ್ರೀಯವೂ ಅಲ್ಲ, ನ್ಯಾಯವೂ ಅಲ್ಲ. ‘ಆರಾಮವಾಗಿದ್ದೇನೆ’ ಎನ್ನುವವರಲ್ಲಿ ಹೊಸ ಗಾಯ ಕಂಡರೆ ಅದನ್ನು ಕಡೆಗಣಿಸುವಂತೆಯೂ ಇಲ್ಲ.

ಒಟ್ಟಾರೆ, ಒಂದು ಚಿತ್ರ ಸ್ಥಿತಿಯನ್ನು ಹೇಳುತ್ತದೆ. ಚಿತ್ರಗಳ ಸರಣಿ ಗತಿಯನ್ನು ಹೇಳುತ್ತದೆ. ಆ ಗತಿ ಬದುಕಿನಲ್ಲಿ ಏನಾಗಿ ಪರಿಣಮಿಸಿದೆ ಎಂಬುದನ್ನು ಹೇಳಬಲ್ಲವರು ರೋಗಿಯೇ. ವಕ್ತೃವಿನ ಮಾತಿಲ್ಲದೆ ಪಾಠವೊಂದನ್ನೇ ಹಿಡಿದು ಅರ್ಥ ಕಟ್ಟಬಾರದೆಂಬ ಕ್ಷೇತ್ರಕಾರ್ಯದ ನಿಯಮ ಇಲ್ಲಿಗೂ ಸಲ್ಲುತ್ತದೆ.